ಆರು ಮತಗಳ ಆಚೀಚೆ ಇಬ್ಬರು ಗೆಳೆಯರು

ವರ್ಜೀನಿಯಾದ ಗ್ಲಾಸ್ಟರ್ ಕೌಂಟಿಯಲ್ಲಿ ರೋಸ್‌ವೆಲ್ ಎಂಬ ಪಾಳುಮನೆಯಿದೆ. 1916ರ ಬೆಂಕಿಗೆ ಚಾವಣಿ ಹೋಗಿ, ಇಟ್ಟಿಗೆ ಗೋಡೆಗಳೂ ಎತ್ತರದ ಚಿಮಣಿಗಳೂ ಉಳಿದಿವೆ. ಮಗಳ ಮನೆಗೆ ಹೋಗಿದ್ದಾಗ ಆ ಗೋಡೆಗೆ ಅಂಗೈ ಇಟ್ಟು ನಿಂತಿದ್ದೆ. ಬಿಸಿಲಿಗೆ ಇಟ್ಟಿಗೆ ಬೆಚ್ಚಗಿತ್ತು. ಪದವಿ ತರಗತಿಗೆ ವರ್ಷಗಟ್ಟಲೆ ಅಮೆರಿಕದ ಇತಿಹಾಸ ಪಾಠ ಮಾಡಿದ ನನಗೆ, ಈ ಮನೆಯೊಡೆಯ ಜಾನ್ ಪೇಜ್ ಸೋತ ಗವರ್ನರ್ ಚುನಾವಣೆ ನೆನಪಾಯಿತು.

1775ರಲ್ಲಿ ಬ್ರಿಟಿಷ್ ದೊರೆಯ ಗವರ್ನರ್ ಡನ್ಮೋರ್, ವಿಲಿಯಮ್ಸ್‌ಬರ್ಗ್‌ನ ಮದ್ದಿನ ಮನೆಯಿಂದ ಕೋವಿಮದ್ದನ್ನು ರಾತ್ರೋರಾತ್ರಿ ಸಾಗಿಸಿದ. ಜನ ಸಿಡಿದೆದ್ದರು, ಅವನು ಹಡಗು ಹತ್ತಿ ಓಡಿದ. ಆ ಪೆಟ್ಟನ್ನು ಮರೆಯದ ವರ್ಜೀನಿಯಾದವರು 1776ರ ಸಂವಿಧಾನದಲ್ಲಿ ಗವರ್ನರನ ಕೈ ಕಟ್ಟಿಹಾಕಿದರು. ಅವಧಿ ಒಂದೇ ವರ್ಷ. ಸತತ ಮೂರು ವರ್ಷ ಆಳಿದರೆ ಮುಂದಿನ ನಾಲ್ಕು ವರ್ಷ ಮತ್ತೆ ನಿಲ್ಲುವಂತಿಲ್ಲ. ಶಾಸನವನ್ನು ತಡೆಯುವ ಅಧಿಕಾರವಿಲ್ಲ. ಅವನನ್ನು ಆರಿಸುವವರೂ ಶಾಸಕರೇ. ಎರಡೂ ಸದನಗಳು ತಂತಮ್ಮಲ್ಲೇ ಮತ ಹಾಕಬೇಕು, ಪೆಟ್ಟಿಗೆಗಳನ್ನು ಸಭಾಕೊಠಡಿಗೆ ತಂದು ಜಂಟಿ ಸಮಿತಿ ಎಣಿಸಬೇಕು.

ಗವರ್ನರ್ ಪ್ಯಾಟ್ರಿಕ್ ಹೆನ್ರಿಯ ಮೂರು ವರ್ಷ ಮುಗಿಯಿತು. 1779ರ ಜೂನ್ 1ರಂದು ಥಾಮಸ್ ಜೆಫರ್‌ಸನ್‌ಗೆ 55, ಪೇಜ್‌ಗೆ 38, ಥಾಮಸ್ ನೆಲ್ಸನ್‌ಗೆ 32 ಮತ ಬಿದ್ದವು. ಯಾರಿಗೂ ಬಹುಮತವಿಲ್ಲ. ನೆಲ್ಸನ್‌ರನ್ನು ಬಿಟ್ಟು ಮತ್ತೆ ಮತ ಹಾಕಿದಾಗ ಪೇಜ್ 23 ಮತ ಹೆಚ್ಚು ಪಡೆದರು, ಜೆಫರ್‌ಸನ್‌ಗೆ ಹೆಚ್ಚಿದ್ದು 12 ಮಾತ್ರ. ಆದರೂ 67ಕ್ಕೆ 61, ಜೆಫರ್‌ಸನ್ ಗೆದ್ದರು.

ಇಬ್ಬರೂ ವಿಲಿಯಂ ಅಂಡ್ ಮೇರಿ ಕಾಲೇಜಿನ ಗೆಳೆಯರು. ಮರುದಿನವೇ ಪೇಜ್ ಕಾಗದ ಬರೆದರು. ಅದರ ಮರುದಿನ ಜೆಫರ್‌ಸನ್ ಉತ್ತರಿಸಿದರು: ಪೈಪೋಟಿ ನಮ್ಮ ಬೆಂಬಲಿಗರದು, ನಮ್ಮದಲ್ಲ, ಈ ಅಂತರ ನಿನಗೆ ನೋವನ್ನಾಗಲಿ ನನಗೆ ನಲಿವನ್ನಾಗಲಿ ಕೊಡುವಷ್ಟು ದೊಡ್ಡದಲ್ಲ ಎಂಬುದು ಅದರ ಸಾರ. 1802ರಲ್ಲಿ ಜೆಫರ್‌ಸನ್ ರಾಷ್ಟ್ರಾಧ್ಯಕ್ಷರಾಗಿದ್ದಾಗ, ಅದೇ ರೀತಿ ಶಾಸಕರ ಮತದಿಂದ ಪೇಜ್ ಕೂಡ ಗವರ್ನರ್ ಆದರು.

ಗವರ್ನರನನ್ನು ಮತದಾರರೇ ಆರಿಸುವಂತಾದದ್ದು 1851ರಲ್ಲಿ, ಅದೂ ಬಿಳಿಯ ಗಂಡಸರು ಮಾತ್ರ. ರೋಸ್‌ವೆಲ್‌ನ ಹೊಲಗಳಲ್ಲಿ ದುಡಿದ ಗುಲಾಮರನ್ನು ಯಾವ ಪೆಟ್ಟಿಗೆಯೂ ಕೇಳಲಿಲ್ಲ. ಇದನ್ನು ಬಿಟ್ಟು ಆ ಚುನಾವಣೆಯನ್ನು ಹೊಗಳಲಾರೆ.

ತರಗತಿಯಲ್ಲಿ ನಾನು 67, 61 ಎಂದು ಬೋರ್ಡಿನ ಮೇಲೆ ಬರೆದು ಅಲ್ಲಿಗೇ ನಿಲ್ಲಿಸುತ್ತಿದ್ದೆ. ಇನ್ನೊಮ್ಮೆ ಸೀಮೆಸುಣ್ಣ ಹಿಡಿದರೆ ಆ ಎರಡು ಕಾಗದಗಳ ತಾರೀಖನ್ನೂ ಪಕ್ಕದಲ್ಲೇ ಬರೆಯುತ್ತೇನೆ: ಜೂನ್ 2, ಜೂನ್ 3.