ಬೂದಿ ಬುಧವಾರ ಮತ್ತು ನಾವು ದಾಟಿಹೋಗುವ ಪುಟ

2025ರ ರಂಜಾನ್ ನಿಮಗೆ ನೆನಪಿರಬೇಕು. ಮಾರ್ಚ್ 2ಕ್ಕೆ ಮೊದಲ ರೋಜಾ, 5ಕ್ಕೆ ಕ್ರೈಸ್ತರ ಬೂದಿ ಬುಧವಾರ. ಆ ಸಂಜೆ ಕಲ್ಯಾಣ್, ಡೊಂಬಿವಲಿ ಕಡೆಯ ಲೋಕಲ್‌ನಲ್ಲಿ ಹಣೆ ಮೇಲೆ ಬೂದಿಯ ಶಿಲುಬೆ ಇದ್ದವರನ್ನ ನೀವೂ ನೋಡಿರ್ತೀರಿ. ಮಂಗಳೂರಿಂದ ಬಂದು ಇಲ್ಲಿ ನೆಲೆಸಿದ ಕೊಂಕಣಿ ಕ್ಯಾಥೊಲಿಕರೂ ಅವರಲ್ಲಿ ಇರ್ತಾರೆ.

ಆ ಬೂದಿ ಎಲ್ಲಿಂದ ಬರುತ್ತೆ ಗೊತ್ತೇ? ಹಿಂದಿನ ವರ್ಷದ ಗರಿಗಳ ಭಾನುವಾರ ಆಶೀರ್ವದಿಸಿದ ಗರಿಗಳನ್ನೇ ಸುಟ್ಟು ಮಾಡೋದು. ಮಣ್ಣಿಂದ ಬಂದವನು ಮಣ್ಣಿಗೇ ಹೋಗ್ತಾನೆ ಅಂತ ನೆನಪಿಸಿ ಪಾದ್ರಿ ಹಚ್ಚುತ್ತಾರೆ. ಅಲ್ಲಿಂದ ಈಸ್ಟರ್‌ವರೆಗೆ, ಭಾನುವಾರಗಳನ್ನು ಬಿಟ್ಟು, 40 ದಿನ ತಪಸ್ಸು ಕಾಲ. ಮೊದಲು ಬೂದಿ ಹೆಚ್ಚಾಗಿ ಊರಿಗೆಲ್ಲ ತಿಳಿದ ತಪ್ಪು ಮಾಡಿದವರಿಗೆ ಇತ್ತು. 1091ರ ಬೆನೆವೆಂಟೊ ಸಭೆ ಎಲ್ಲರೂ ಹಚ್ಚಿಕೊಳ್ಳಲಿ ಎಂದಿತು. ನಿನೆವೆಯ ಅರಸ ಬೂದಿಯಲ್ಲಿ ಕೂತು ತೌಬಾ ಮಾಡಿದ ಕಥೆ ಬೈಬಲ್‌ನಲ್ಲಿದೆ. ಹಜರತ್ ಯೂನುಸರ ಆ ಜನಕ್ಕೆ ಶಿಕ್ಷೆ ತಪ್ಪಿದ ಮಾತು ಕುರ್‌ಆನ್‌ನಲ್ಲೂ ಉಂಟು.

ಮಂಗಳೂರಿನವರಿಗೆ ಮಾತ್ರ ಈ ದಿನದ ಜೊತೆ ಇನ್ನೊಂದು ನೆನಪಿದೆ. 1784, ಎರಡನೇ ಮೈಸೂರು ಯುದ್ಧ ಮುಗಿಯುವ ಹೊತ್ತು. ಇಂಗ್ಲಿಷರಿಗೆ ನೆರವಾದರು ಎಂಬ ಆರೋಪದ ಮೇಲೆ, ಟಿಪ್ಪು ಸುಲ್ತಾನರ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಬೂದಿ ಬುಧವಾರದಂದೇ ಹಿಡಿದು, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. (ಅನೇಕ ಪುಸ್ತಕಗಳಲ್ಲಿ ಫೆಬ್ರವರಿ 24 ಅಂತಿದೆ. ಕ್ಯಾಲೆಂಡರ್ ಲೆಕ್ಕ ಹಾಕಿದರೆ ಆ ವರ್ಷದ ಬೂದಿ ಬುಧವಾರ 25.) ಹಿಡಿದವರು 30,000 ಅಂತ ಒಬ್ಬರು, 60,000 ಅಂತ ಇನ್ನೊಬ್ಬರು. ದಾರಿಯಲ್ಲೇ ಸತ್ತವರು, ಬಲವಂತದ ಮತಾಂತರಕ್ಕೆ ಸಿಕ್ಕವರು ಬಹಳ. ಉಳಿದವರಿಗೆ ಬಿಡುಗಡೆ ಸಿಕ್ಕಿದ್ದು 15 ವರ್ಷದ ಮೇಲೆ, 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ.

ಇದನ್ನ ಹೇಳಿದರೆ ನಮ್ಮವರಲ್ಲೇ ಕೆಲವರು, “ಶೃಂಗೇರಿ ಮಠಕ್ಕೆ ನೆರವು ಕೊಟ್ಟದ್ದು ಯಾಕೆ ಹೇಳಲ್ಲ?” ಅಂತಾರೆ. ಹೇಳ್ತೇನೆ, ಅದೂ ನಿಜ. ಆದರೆ ಘಟ್ಟ ಹತ್ತಿದ ಕೂಸಿಗೆ ಶೃಂಗೇರಿಯ ಲೆಕ್ಕ ಕೊಟ್ಟು ಏನು ಪ್ರಯೋಜನ? ಇವತ್ತು ಟಿಪ್ಪು ಹೆಸರಲ್ಲಿ ನಮ್ಮನ್ನು ಬೈಯುವವರಿದ್ದಾರೆ, ಅದಕ್ಕೇ ನಮಗೆ ಹೆದರಿಕೆ. ಆ ಹೆದರಿಕೆ ನನಗೂ ಇದೆ. ಹಾಗಂತ ಪಾಠ ಮಾಡುವಾಗ ಆ ಪುಟ ದಾಟಿಸಿಬಿಡೋದು ನನ್ನಿಂದಾಗಲ್ಲ.

ಆ ಬುಧವಾರ ನಮ್ಮ ಬಿಲ್ಡಿಂಗ್‌ನ ಮಂಗಳೂರಿನ ಆಂಟಿ ಇಫ್ತಾರ್‌ಗೆ ಬಂದಿದ್ದರು. ಕಬಾಬ್ ಬೇಡ ಅಂದು ಖರ್ಜೂರ ಅಷ್ಟೇ ತಗೊಂಡರು. ಶ್ರೀರಂಗಪಟ್ಟಣದ ಮಾತು ನಾನೇ ಎತ್ತಿದೆ. “ನಮ್ಮ ಅಜ್ಜಿ ಹೇಳ್ತಿದ್ರು,” ಅಂದರು. ಆಮೇಲೆ ಮಗ್ರಿಬ್ ಮುಗಿಯುವ ತನಕ ಕೂತು, ಅಜ್ಜಿ ಹೇಳಿದ್ದೆಲ್ಲಾ ಹೇಳಿದರು.