ಕೌನ್ಸಿಲ್ ತೆರಿಗೆ: ಮನೆಯ ಹಿಂದಿನ ಮೌಲ್ಯವನ್ನು ಅಂದಾಜಿಸಿ ತೆರಿಗೆ ಶ್ರೇಣಿಯನ್ನು ಪರಿಶೀಲಿಸುವ ವಿಧಾನ

ಇಂಗ್ಲೆಂಡಿನಲ್ಲಿ ವಾಸದ ಮನೆಗಳಿಗೆ ಸ್ಥಳೀಯ ಕೌನ್ಸಿಲ್‌ಗಳು ವಿಧಿಸುವ ಕೌನ್ಸಿಲ್ ತೆರಿಗೆಯು ಮನೆಯ ಇಂದಿನ ಬೆಲೆಯನ್ನು ಆಧರಿಸಿರುವುದಿಲ್ಲ. ಈ ತೆರಿಗೆಯು 1993ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 1991ರ ಏಪ್ರಿಲ್ 1ರಂದು ಆ ಮನೆಯು ಮುಕ್ತ ಮಾರುಕಟ್ಟೆಯಲ್ಲಿ ಎಷ್ಟಕ್ಕೆ ಮಾರಾಟವಾಗುತ್ತಿತ್ತು ಎಂಬ ಅಂದಾಜೇ ಇದಕ್ಕೆ ಆಧಾರ. ಆನಂತರ ಕಟ್ಟಿದ ಮನೆಗಳಿಗೂ ಇದೇ ದಿನಾಂಕ ಅನ್ವಯಿಸುತ್ತದೆ. ಮೊದಲ ಮೌಲ್ಯಮಾಪನದಲ್ಲಿ ಬಹಳಷ್ಟು ಮನೆಗಳನ್ನು ಒಳಗೆ ಪರಿಶೀಲಿಸದೆ ಬೀದಿಯಿಂದಲೇ ಗಮನಿಸಿ ಶ್ರೇಣಿಯನ್ನು ನಿಗದಿಪಡಿಸಲಾಗಿತ್ತು. ತಮ್ಮ ಮನೆಯ ಶ್ರೇಣಿ ಸರಿಯಿದೆಯೇ ಎಂದು ತಿಳಿಯಬಯಸುವ ನಿವಾಸಿಗಳಿಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಕರ್ನಾಟಕದಲ್ಲಿ ಆಸ್ತಿ ತೆರಿಗೆಯನ್ನು ಸಾಮಾನ್ಯವಾಗಿ ಮಾಲೀಕರು ಪಾವತಿಸುತ್ತಾರೆ. ಕೌನ್ಸಿಲ್ ತೆರಿಗೆಯನ್ನು ಸಾಮಾನ್ಯವಾಗಿ ಮನೆಯಲ್ಲಿ ವಾಸಿಸುವವರೇ ಪಾವತಿಸತಕ್ಕದ್ದು. ಆದುದರಿಂದ ತೆರಿಗೆ ಪಾವತಿಸುವ ಬಾಡಿಗೆದಾರರೂ ಶ್ರೇಣಿಯನ್ನು ಪ್ರಶ್ನಿಸಬಹುದು.

1. ಶ್ರೇಣಿಗಳ ವಿವರ (1991ರ ಮೌಲ್ಯ, ಪೌಂಡ್‌ಗಳಲ್ಲಿ)

ಎ: 40,000ದವರೆಗೆ
ಬಿ: 40,001ರಿಂದ 52,000
ಸಿ: 52,001ರಿಂದ 68,000
ಡಿ: 68,001ರಿಂದ 88,000
ಇ: 88,001ರಿಂದ 1,20,000
ಎಫ್: 1,20,001ರಿಂದ 1,60,000
ಜಿ: 1,60,001ರಿಂದ 3,20,000
ಎಚ್: 3,20,000ಕ್ಕಿಂತ ಹೆಚ್ಚು

ಡಿ ಶ್ರೇಣಿಯ ತೆರಿಗೆಯನ್ನು 9 ಪಾಲು ಎಂದು ಭಾವಿಸಿದರೆ, ಸಿ ಶ್ರೇಣಿಗೆ 8 ಪಾಲು, ಇ ಶ್ರೇಣಿಗೆ 11 ಪಾಲು, ಎಚ್ ಶ್ರೇಣಿಗೆ 18 ಪಾಲು ಆಗುತ್ತದೆ. ಒಂದು ಶ್ರೇಣಿಯ ವ್ಯತ್ಯಾಸವೂ ವರ್ಷ ವರ್ಷ ಮುಂದುವರಿಯುವ ಹೊರೆಯಾಗಬಲ್ಲದು.

ಸ್ಕಾಟ್ಲೆಂಡಿನಲ್ಲಿಯೂ 1991ರ ಏಪ್ರಿಲ್ 1ರ ಮೌಲ್ಯವೇ ಆಧಾರವಾಗಿದ್ದರೂ ಶ್ರೇಣಿಗಳ ಮಿತಿ ಬೇರೆ. ವೇಲ್ಸ್‌ನಲ್ಲಿ 2003ರ ಏಪ್ರಿಲ್ 1ರ ಮೌಲ್ಯವನ್ನು ಆಧರಿಸಿದ ಒಂಬತ್ತು ಶ್ರೇಣಿಗಳು 2005ರಿಂದ ಜಾರಿಗೆ ಬಂದವು. ಮುಂದಿನ ವಿವರಗಳು ಇಂಗ್ಲೆಂಡಿಗೆ ಸಂಬಂಧಿಸಿವೆ.

2. ಮೊದಲ ಹೆಜ್ಜೆ: ನೆರೆಯ ಮನೆಗಳ ಶ್ರೇಣಿ

ತೆರಿಗೆ ಶ್ರೇಣಿಗಳ ಪಟ್ಟಿಯು ಸಾರ್ವಜನಿಕವಾಗಿದ್ದು, ಸರ್ಕಾರದ ಅಂತರ್ಜಾಲ ತಾಣದಲ್ಲಿ ಅಂಚೆ ಸಂಕೇತವನ್ನು ನಮೂದಿಸಿ ಉಚಿತವಾಗಿ ನೋಡಬಹುದು. ತಮ್ಮ ಬೀದಿಯಲ್ಲಿ ಅಥವಾ ಸಮೀಪದಲ್ಲಿ ಇರುವ, ಅಳತೆ, ಮಾದರಿ ಹಾಗೂ ಕಟ್ಟಿದ ಕಾಲದಲ್ಲಿ ತಮ್ಮ ಮನೆಯನ್ನು ಹೋಲುವ ಮನೆಗಳನ್ನು ಆರಿಸಿಕೊಳ್ಳಿರಿ. ಒಂಟಿ ಮನೆಯನ್ನು ಸಾಲು ಮನೆಯೊಂದಿಗೆ ಹೋಲಿಸಬಾರದು. ಹೋಲುವ ಮನೆಗಳೆಲ್ಲ ಕೆಳಗಿನ ಶ್ರೇಣಿಯಲ್ಲಿದ್ದರೆ ಮುಂದಿನ ಹೆಜ್ಜೆಗೆ ಹೋಗಬಹುದು.

3. ಎರಡನೆಯ ಹೆಜ್ಜೆ: ಮಾರಾಟ ಬೆಲೆಯಿಂದ ಅಂದಾಜು

ಭೂ ನೋಂದಣಿ ಇಲಾಖೆಯು ಪ್ರಕಟಿಸುವ ಮಾರಾಟ ಬೆಲೆಗಳ ಮಾಹಿತಿ 1995ರಿಂದ ಆರಂಭವಾಗುತ್ತದೆ. ಹೀಗಾಗಿ ತಮ್ಮ ಅಥವಾ ಹೋಲುವ ಮನೆಯ ಆದಷ್ಟು ಹಳೆಯ ಮಾರಾಟ ಬೆಲೆಯನ್ನು ಪಡೆದು, ಮನೆ ಬೆಲೆ ಸೂಚ್ಯಂಕದ ನೆರವಿನಿಂದ 1991ಕ್ಕೆ ಇಳಿಸಬೇಕಾಗುತ್ತದೆ. ಮಾರಾಟ ಬೆಲೆಯನ್ನು 1991ರ ಸೂಚ್ಯಂಕದಿಂದ ಗುಣಿಸಿ, ಮಾರಾಟವಾದ ಕಾಲದ ಸೂಚ್ಯಂಕದಿಂದ ಭಾಗಿಸತಕ್ಕದ್ದು.

ಉದಾಹರಣೆಗೆ, ಮನೆಯೊಂದು 1998ರಲ್ಲಿ 75,000 ಪೌಂಡ್‌ಗಳಿಗೆ ಮಾರಾಟವಾಗಿದೆ ಎಂದು ಭಾವಿಸಿರಿ. 1991ರ ಸೂಚ್ಯಂಕ 100, 1998ರದು 120 ಎಂದು ಇಟ್ಟುಕೊಂಡರೆ (ಇವು ಲೆಕ್ಕ ತೋರಿಸಲು ಮಾತ್ರ ಬಳಸಿದ ಅಂಕಿಗಳು), 1991ರ ಅಂದಾಜು ಮೌಲ್ಯ 62,500 ಪೌಂಡ್, ಅಂದರೆ ಸಿ ಶ್ರೇಣಿ. ಆದರೆ ಸೂಚ್ಯಂಕವು ಇಡೀ ಪ್ರದೇಶದ ಸರಾಸರಿಯೇ ಹೊರತು ಒಂದು ಬೀದಿಯದಲ್ಲ. ಈ ಅಂದಾಜು ಶೇಕಡಾ 10ರಷ್ಟು ಮೇಲಕ್ಕೆ ಸರಿದರೂ ಮೌಲ್ಯವು 68,750 ಪೌಂಡ್ ಆಗಿ, ಮನೆಯು ಡಿ ಶ್ರೇಣಿಗೆ ಸೇರುತ್ತದೆ. ಆದ್ದರಿಂದ ಈ ಲೆಕ್ಕವನ್ನು ತಮ್ಮ ತಿಳಿವಳಿಕೆಗೆ ಮಾತ್ರ ಬಳಸುವುದು ಸೂಕ್ತ. ಸರಾಸರಿ ಬೆಲೆಯ ಸೂಚ್ಯಂಕಗಳನ್ನು ಸಾಕ್ಷ್ಯವಾಗಿ ಸ್ವೀಕರಿಸಲಾಗುವುದಿಲ್ಲ.

4. ಸ್ವೀಕಾರಾರ್ಹ ಸಾಕ್ಷ್ಯ

ಅ) ತಮ್ಮ ಮನೆಯನ್ನು ಹೋಲುವ, ಕೆಳಗಿನ ಶ್ರೇಣಿಯಲ್ಲಿರುವ ಐದು ಮನೆಗಳವರೆಗಿನ ವಿಳಾಸಗಳು.
ಆ) 1989ರ ಏಪ್ರಿಲ್ 1ರಿಂದ 1993ರ ಮಾರ್ಚ್ 31ರವರೆಗಿನ ಅವಧಿಯಲ್ಲಿ ತಮ್ಮ ಮನೆ ಅಥವಾ ಹೋಲುವ ಮನೆಗಳು ಮಾರಾಟವಾದ ಬೆಲೆ. ಹಳೆಯ ಕ್ರಯಪತ್ರಗಳು ಹಾಗೂ ಸ್ಥಳೀಯ ಗ್ರಂಥಾಲಯದಲ್ಲಿರುವ ಅಂದಿನ ಪತ್ರಿಕೆಗಳು ಇದಕ್ಕೆ ನೆರವಾಗಬಹುದು. ಪತ್ರಿಕೆಯ ಜಾಹೀರಾತಿನಲ್ಲಿರುವುದು ಕೇಳಿದ ಬೆಲೆಯೇ ಹೊರತು ಮಾರಾಟದ ಬೆಲೆಯಲ್ಲ ಎಂಬುದನ್ನು ಗಮನಿಸಬೇಕು.

5. ಅರ್ಜಿ ಸಲ್ಲಿಸುವ ಮುನ್ನ ಗಮನಿಸಬೇಕಾದ ಅಂಶಗಳು

ಅ) ಪರಿಶೀಲನೆಯ ಫಲವಾಗಿ ಶ್ರೇಣಿಯು ಇಳಿಯಬಹುದು, ಹಾಗೆಯೇ ಉಳಿಯಬಹುದು ಅಥವಾ ಏರಬಹುದು. ಹೋಲಿಕೆಗೆ ನೀಡಿದ ಮನೆಗಳ ಶ್ರೇಣಿಯೇ ತಪ್ಪೆಂದು ಕಂಡುಬಂದಲ್ಲಿ ಆ ನೆರೆಹೊರೆಯವರ ತೆರಿಗೆ ಹೆಚ್ಚಬಹುದು. ಆದುದರಿಂದ ಎರಡೂ ಹೆಜ್ಜೆಗಳು ಒಂದೇ ಕಡೆಗೆ ಬೊಟ್ಟು ಮಾಡಿದಾಗ ಮಾತ್ರ ಅರ್ಜಿ ಸಲ್ಲಿಸುವುದು ಒಳಿತು.
ಆ) ಹಿಂದಿನ ನಿವಾಸಿಗಳು ಮನೆಯನ್ನು ವಿಸ್ತರಿಸಿದ್ದರೆ, ಆನಂತರದ ಮಾರಾಟದ ಬಳಿಕ ಶ್ರೇಣಿಯನ್ನು ಏರಿಸಲು ಅವಕಾಶವಿದೆ. ತಮ್ಮ ಮನೆಯ ಶ್ರೇಣಿ ಹೆಚ್ಚಿರುವುದಕ್ಕೆ ಇದೇ ಕಾರಣವೇ ಎಂದು ನೋಡಿಕೊಳ್ಳಿರಿ.
ಇ) ಮನೆಯ ಇಂದಿನ ಬೆಲೆ ಕುಸಿದಿದೆ ಎಂಬುದು ಶ್ರೇಣಿ ಬದಲಾವಣೆಗೆ ಕಾರಣವಾಗುವುದಿಲ್ಲ.

6. ಅರ್ಜಿ ಸಲ್ಲಿಸುವ ಕ್ರಮ

ತೆರಿಗೆಯ ಬಿಲ್ಲನ್ನು ಕೌನ್ಸಿಲ್ ಕಳುಹಿಸಿದರೂ ಶ್ರೇಣಿಯನ್ನು ನಿಗದಿಪಡಿಸುವುದು ವ್ಯಾಲ್ಯುಯೇಷನ್ ಆಫೀಸ್ ಎಂಬ ಮೌಲ್ಯಮಾಪನ ಕಚೇರಿ. ಅರ್ಜಿಯನ್ನು ಈ ಕಚೇರಿಗೇ ಸಲ್ಲಿಸತಕ್ಕದ್ದು. ಆ ಮನೆಯ ತೆರಿಗೆ ಪಾವತಿದಾರರಾಗಿ ಆರು ತಿಂಗಳು ತುಂಬುವ ಮೊದಲು ಶ್ರೇಣಿಯನ್ನು ವಿಧ್ಯುಕ್ತವಾಗಿ ಪ್ರಶ್ನಿಸುವ ಹಕ್ಕಿದ್ದು, ಕಚೇರಿಯ ತೀರ್ಮಾನ ಒಪ್ಪಿಗೆಯಾಗದಿದ್ದಲ್ಲಿ ಮೂರು ತಿಂಗಳೊಳಗೆ ಮೌಲ್ಯಮಾಪನ ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಬಹುದು. ಆರು ತಿಂಗಳ ಅವಧಿ ಮೀರಿದವರು ಸಾಕ್ಷ್ಯದೊಂದಿಗೆ ಪರಿಶೀಲನೆಯನ್ನು ಕೋರಬಹುದು.

ಅರ್ಜಿಗೆ ಶುಲ್ಕವಿಲ್ಲ. ಮಧ್ಯವರ್ತಿಗಳ ನೆರವು ಪಡೆಯಬೇಕೆಂಬ ನಿಯಮವೂ ಇಲ್ಲ. ತೀರ್ಮಾನವಾಗುವವರೆಗೆ ಈಗಿನ ಶ್ರೇಣಿಯಂತೆಯೇ ತೆರಿಗೆಯನ್ನು ಪಾವತಿಸುತ್ತಿರಬೇಕು. ಆರಂಭದಿಂದಲೂ ಶ್ರೇಣಿ ತಪ್ಪಾಗಿತ್ತೆಂದು ನಿರ್ಧಾರವಾದಲ್ಲಿ, ತಾವು ಆ ಮನೆಯಲ್ಲಿ ತೆರಿಗೆ ಪಾವತಿಸಿದ ಅವಧಿಗೆ ಹೆಚ್ಚುವರಿ ಮೊತ್ತವನ್ನು ಕೌನ್ಸಿಲ್ ಹಿಂದಿರುಗಿಸುತ್ತದೆ.