ಮೂರು ಹಾವಿನ ಲೆಕ್ಕಾಚಾರ

1953ರಲ್ಲಿ ಅಮೆರಿಕದ ಉತ್ತರ ಕರೊಲಿನಾದಲ್ಲಿ ವಿಚಿತ್ರವಾದೊಂದು ಗಂಡು ಕಾರ್ನ್ ಸ್ನೇಕ್ ಸಿಕ್ಕಿತು. ಮೈಯಲ್ಲಿ ಕಪ್ಪಿನ ಸುಳಿವಿಲ್ಲ, ಕಣ್ಣು ಕೆಂಪು. ಬರ್ನಾರ್ಡ್ ಬೆಕ್ಟೆಲ್ ಎಂಬ ಚರ್ಮವೈದ್ಯರು ಅದನ್ನು ಮಾಮೂಲಿ ಹೆಣ್ಣಿನೊಂದಿಗೆ ಕೂಡಿಸಿದರು. ಹುಟ್ಟಿದ್ದೆಲ್ಲ ಮಾಮೂಲಿ ಮರಿಗಳೇ. ಆ ಮರಿಗಳು ಬೆಳೆದು ಕೂಡಿದ ಮೇಲೆ, 1961ರ ಹೊತ್ತಿಗೆ, ಅಜ್ಜನ ಬಣ್ಣ ಮೊಮ್ಮಕ್ಕಳಲ್ಲಿ ಮರಳಿತು. ವಿಜ್ಞಾನಿ ಮೆಂಡಲ್ ಬಟಾಣಿಯಲ್ಲಿ ಕಂಡ ಅನುವಂಶಿಕತೆಯ ನಿಯಮ ಹಾವಿನಲ್ಲೂ ನಡೆಯುತ್ತದೆ ಎಂದಾಯಿತು. ಹವ್ಯಾಸಿಗಳ ಸಾಕಣೆ ಹಿಡಿದ ದಾರಿ ಇದೇ.

ಬಾಲ್ ಪೈಥಾನ್ ಈ ಆಟಕ್ಕೆ ಬಂದದ್ದು ತಡವಾಗಿ. ಘಾನಾ, ಟೋಗೊ, ಬೆನಿನ್‌ಗಳಿಂದ ಅಗ್ಗವಾಗಿ ಬರುತ್ತಿದ್ದ ಈ ಪುಟ್ಟ ಹೆಬ್ಬಾವನ್ನು ಮರಿ ಮಾಡಿಸುವ ಗೋಜು ಯಾರಿಗೂ ಬೇಕಿರಲಿಲ್ಲ. 1992ರಲ್ಲಿ ಹಾವು ಸಾಕಣೆಗಾರ ಬಾಬ್ ಕ್ಲಾರ್ಕ್ ಅವರಲ್ಲಿ ಅಲ್ಬಿನೋ ಮರಿಗಳು ಮೊಟ್ಟೆಯೊಡೆದವು. ಬೆಲೆ ಸಾವಿರಾರು ಡಾಲರಿಗೆ ಹಾರಿತು. ಹಾವಿಗೆ ಹಾಲೆರೆದು ಕೈಮುಗಿಯುವ ನಮಗೆ ಈ ದರಪಟ್ಟಿ ತಮಾಷೆಯೆನಿಸೀತು. ಮುಂದೆ, ಒಂದೇ ಪ್ರತಿಯಿದ್ದರೂ ಬಣ್ಣ ತೋರುವ ಪಾಸ್ಟೆಲ್‌ನಂಥ ವಂಶವಾಹಿಗಳು ಬಂದವು. ಮೊದಲ ತಲೆಮಾರಿನಲ್ಲೇ ಫಲ ಕಾಣತೊಡಗಿತು, ಬಣ್ಣದ ಮೇಲೆ ಬಣ್ಣ ಹೇರುವ ಪೈಪೋಟಿಯೂ ಶುರುವಾಯಿತು. ಆ ಪೈಪೋಟಿಯ ಕೆಟ್ಟ ಮುಖ ಸ್ಪೈಡರ್ ತಳಿ: ಜೇಡರ ಬಲೆಯಂಥ ಚೆಂದದ ಗೆರೆಗಳು, ಜೊತೆಗೇ ತಲೆ ನಡುಗಿಸುವ ನರದೋಷ. ಎರಡೂ ಬೇರ್ಪಡುವುದಿಲ್ಲ. ಹೊಸಬರು ಇದನ್ನು ಕೊಳ್ಳಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಾಗಾದರೆ ಮರಿ ಮಾಡಿಸಹೊರಟವರು ಕೊಳ್ಳುವುದೇನು? ರೂಢಿಯ ಉತ್ತರ ಒಂದು ಗಂಡು, ಎರಡು ಹೆಣ್ಣು. ವ್ಯಾಪಾರಿಗಳು ಇದನ್ನು 1.2 ಎಂದು ಬರೆಯುತ್ತಾರೆ. ಒಂದೇ ಗಂಡು ಹಲವು ಹೆಣ್ಣುಗಳಿಗೆ ಸಾಕು, ಆದ್ದರಿಂದ ಒಳ್ಳೆಯ ವಂಶವಾಹಿಗೆ ದುಡ್ಡು ಸುರಿಯುವುದು ಗಂಡಿನ ಮೇಲೆ. ಹೆಣ್ಣಿಗೆ ಬೇಕಾದದ್ದು ಕಾಲ: ಬಾಲ್ ಪೈಥಾನ್ ಹೆಣ್ಣು ಸುಮಾರು ಒಂದೂವರೆ ಕಿಲೋ ತೂಗಲು ಮೂರು ವರ್ಷ ಹಿಡಿಯಬಹುದು.

ಮಾರುಕಟ್ಟೆಯಲ್ಲಿ 'ಶೇ. 66 ಹೆಟ್' ಎಂಬ ಚೀಟಿ ಕಂಡು ಹೊಸಬರು ಬೆದರುತ್ತಾರೆ. ಹೆಟ್ ಎಂದರೆ ಗುಣವನ್ನು ಒಳಗೇ ಬಚ್ಚಿಟ್ಟುಕೊಂಡ ಹಾವು. ಅಂಥ ಎರಡು ಕೂಡಿದರೆ ಸರಾಸರಿ ನಾಲ್ಕು ಮರಿಗಳಲ್ಲಿ ಒಂದು ಬಣ್ಣ ತೋರುತ್ತದೆ. ಉಳಿದ ಮೂರೂ ನೋಡಲು ಒಂದೇ. ಅವುಗಳಲ್ಲಿ ಎರಡು ಗುಟ್ಟು ಹೊತ್ತವು, ಒಂದು ಬರಿದು. ಮೂರರಲ್ಲಿ ಎರಡು, ಅದೇ ಆ ಶೇ. 66. ಯಾವುದು ಯಾವುದೆಂದು ಹಿಂದೆಲ್ಲ ಮರಿ ಮಾಡಿಸಿಯೇ ತಿಳಿಯಬೇಕಿತ್ತು. ಎರಡು ಗುಪ್ತಗುಣ ಬೆರೆತ ಬಣ್ಣಕ್ಕಂತೂ ಹದಿನಾರರಲ್ಲಿ ಒಂದೇ ಅವಕಾಶ, ಬಾಲ್ ಪೈಥಾನ್ ಇಡುವುದೋ ಆರರ ಆಸುಪಾಸು ಮೊಟ್ಟೆ! ಆರಂಭಕ್ಕೆ ಒಂದೇ ಗುಪ್ತಗುಣ ಹಿಡಿದು ಹೊರಡುವುದು ಲೇಸು.

ಭಾರತದಲ್ಲಿ ಕತೆಯೇ ಬೇರೆ. 1972ರ ವನ್ಯಜೀವಿ ಕಾಯ್ದೆಯಡಿ ಇಲ್ಲಿನ ನಾಗರ, ಹೆಬ್ಬಾವುಗಳನ್ನು ಸಾಕುವಂತಿಲ್ಲ. ಬಾಲ್ ಪೈಥಾನ್‌ನಂಥ ಪಟ್ಟಿಯಲ್ಲಿರುವ ವಿದೇಶಿ ಜೀವಿ ಇಟ್ಟುಕೊಂಡರೆ, 2022ರ ತಿದ್ದುಪಡಿಯ ಪ್ರಕಾರ ನೋಂದಾಯಿಸಬೇಕು. ಹುಟ್ಟಿದ ಮರಿಗಳ ಲೆಕ್ಕವನ್ನೂ ಒಪ್ಪಿಸಬೇಕು.

ಬಣ್ಣದ ಲೆಕ್ಕ ಹಾಕುವವರು ಮರೆಯುವುದು ಹೊಟ್ಟೆಯ ಲೆಕ್ಕವನ್ನು. ಎರಡು ಕಾರ್ನ್ ಸ್ನೇಕ್ ಹೆಣ್ಣುಗಳು ತಲಾ ಹದಿನೈದು ಮೊಟ್ಟೆಯಿಟ್ಟವೆನ್ನಿ. ಸುಮಾರು ಎರಡು ತಿಂಗಳಲ್ಲಿ ಮೂವತ್ತು ಮರಿ, ಒಂದೊಂದಕ್ಕೂ ಬೇರೆ ಡಬ್ಬಿ, ವಾರಕ್ಕೊಂದು ಎಳೆ ಇಲಿ. ಅವುಗಳಲ್ಲಿ ಕೆಲವು ಬಾಯಿ ತೆರೆಯಲೇ ಒಪ್ಪುವುದಿಲ್ಲ.